ಸೀಮಂತದ ತಟ್ಟೆಗೆ ಬಣ್ಣದ ಬಿಸ್ಕತ್ತು

ಸೀಮಂತವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮೊಗ್ಗಿನ ಜಡೆ, ಮತ್ತು ಹಸೆಯ ಮುಂದೆ ಸಾಲಾಗಿ ಜೋಡಿಸಿಟ್ಟ ತಟ್ಟೆಗಳು. ಸಕ್ಕರೆ ಅಚ್ಚು, ಕೆತ್ತಿದ ಕೊಬ್ಬರಿ ಬಟ್ಟಲು, ಚಕ್ಕುಲಿ, ಉಂಡೆ, ಹಣ್ಣು ಹಂಪಲು! ಈ ಸಾಲಿನಲ್ಲಿ ಬಿಸ್ಕತ್ತಿಗೇನು ಕೆಲಸ ಎಂದು ಕೇಳುವವರುಂಟು. ಈ ಶ್ರಾವಣದವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ.

ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿರುವವಳು. ಚೊಚ್ಚಲು ಬಸುರಿ. ಸೀಮಂತದ ಖರ್ಚು ಗಂಡನ ಮನೆಯವರದು, ತಟ್ಟೆಗಳು ಮಾತ್ರ ತವರಿನವು ಎಂದು ಮಾತಾಯಿತು. “ಚಿಕ್ಕಮ್ಮ, ಒಂದು ತಟ್ಟೆ ನನ್ನದು. ನನ್ನ ಕೈಯಿಂದಲೇ ಮಾಡುತ್ತೇನೆ” ಎಂದು ಅವಳು ಮೈಸೂರಿಗೆ ಬಂದಿಳಿದಳು. ಪೆಟ್ಟಿಗೆಯಲ್ಲಿ ಸೀರೆಗಿಂತ ಹೆಚ್ಚಾಗಿ ತಗಡಿನ ಅಚ್ಚುಗಳಿದ್ದವು: ಗಿಣಿ, ಮಾವಿನಕಾಯಿ, ವೀಳ್ಯದೆಲೆ, ಬಳೆ, ತೊಟ್ಟಿಲು.

ಅಡುಗೆಮನೆಯ ಬಾಗಿಲ ಬಳಿ ಕುಳಿತಿದ್ದ ನಮ್ಮ ತಾಯಿಗೆ ಈಗ ಎಂಬತ್ತಮೂರು ವರ್ಷ. ಅವರು ಅಚ್ಚುಗಳನ್ನು ಒಂದೊಂದಾಗಿ ನೋಡಿದರು. ತೊಟ್ಟಿಲನ್ನು ಮಾತ್ರ ತೆಗೆದು ಪಕ್ಕಕ್ಕಿಟ್ಟು, “ಇದು ಬೇಡ ಮಗೂ” ಎಂದರು. ಕಾರಣವನ್ನು ಹೇಳಲಿಲ್ಲ. ಹೆರಿಗೆಗೆ ಮುಂಚೆ ತೊಟ್ಟಿಲು ಕೊಳ್ಳಬಾರದು, ಕೂಸಿನ ಬಟ್ಟೆ ಹೊಲಿಸಬಾರದು ಎಂಬ ಸಂಪ್ರದಾಯ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಹುಡುಗಿ ನನ್ನ ಮುಖವನ್ನು ನೋಡಿದಳು. ಬಿಸ್ಕತ್ತಿನ ತೊಟ್ಟಿಲಿಗೂ ಈ ನಿಷೇಧವೇ? ನಾನು ಸುಮ್ಮನಿದ್ದೆ.

ಇನ್ನು ಬಿಸ್ಕತ್ತಿನ ವಿಷಯಕ್ಕೆ ಬರೋಣ. ಚಿತ್ತಾರದ ಬಿಸ್ಕತ್ತಿಗೆ ಮೊದಲು ಬೇಕಾದುದು ಆಕಾರ ಕೆಡದ ಹಿಟ್ಟು. ಬೇಕಿಂಗ್ ಪೌಡರನ್ನು ಹಾಕಲೇಬಾರದು. ಹಾಕಿದರೆ ಬಿಸ್ಕತ್ತು ಉಬ್ಬಿ, ಗಿಣಿಯ ಕೊಕ್ಕು ಬಾತುಕೋಳಿಯದಾಗುತ್ತದೆ. 250 ಗ್ರಾಂ ಮೈದಾ, 125 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿಸಕ್ಕರೆ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಬೆಣ್ಣೆ ಸಕ್ಕರೆಗಳನ್ನು ಕೂಡಿಕೊಳ್ಳುವಷ್ಟು ಮಾತ್ರ ಕಲಸಬೇಕು. ಬಹಳ ಹೊತ್ತು ನೊರೆಯೆಬ್ಬಿಸಿದರೆ ಒಳಗೆ ಗಾಳಿ ಸೇರಿ ಅದೂ ಉಬ್ಬಿಗೆ ಕಾರಣವಾಗುತ್ತದೆ. ಮೈದಾ ಸೇರಿಸಿದ ಮೇಲೆ ಎರಡು ಮೂರು ಚಮಚ ಹಾಲು ಚಿಮುಕಿಸಿ ಉಂಡೆ ಕಟ್ಟಬೇಕು. ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದರೆ ಬಿಸ್ಕತ್ತು ಗಟ್ಟಿಯಾಗಿ, ಹಲ್ಲಿಲ್ಲದ ಹಿರಿಯರ ಶಾಪ ತಟ್ಟುತ್ತದೆ. ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಿ, ಅಚ್ಚೊತ್ತಿ, ತಟ್ಟೆಯ ಸಮೇತ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಅಂಚು ನಿಲ್ಲುತ್ತದೆ. ಅನಂತರ 170 ಡಿಗ್ರಿ ಶಾಖದಲ್ಲಿ 12ರಿಂದ 14 ನಿಮಿಷ. ಅಂಚು ತುಸುವೇ ಹೊಂಬಣ್ಣಕ್ಕೆ ತಿರುಗಿದರೆ ಸಾಕು. ಗಿಣಿಯ ಬಾಲ, ಎಲೆಯ ತುದಿ ಮೊದಲು ಕರಕಾಗುತ್ತವೆಯಾದ್ದರಿಂದ ಒಂದೇ ಗಾತ್ರದವನ್ನು ಒಂದು ತಟ್ಟೆಯಲ್ಲಿ ಬೇಯಿಸುವುದು ಜಾಣತನ. ಈ ಅಳತೆಗೆ ಮೂರಂಗುಲದ ಇಪ್ಪತ್ತು ಬಿಸ್ಕತ್ತುಗಳಾಗುತ್ತವೆ. ಅರವತ್ತು ಮಂದಿಯ ಲೆಕ್ಕಕ್ಕೆ ನಾವು ಮೂರು ಸಲ ಮಾಡಿದೆವು.

ಮೇಲಿನ ಸಕ್ಕರೆಯ ಲೇಪ ಬೇರೆಯೇ ಒಂದು ವಿದ್ಯೆ. ಪರದೇಶದ ಕ್ರಮದಲ್ಲಿ ಅದಕ್ಕೆ ಮೊಟ್ಟೆಯ ಬಿಳಿಯನ್ನು ಬಳಸುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆ ನಡೆಯದು. ನಡೆದರೂ, ಬೇಯಿಸದ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ತಗಲಬಹುದಾದ್ದರಿಂದ ಬಸುರಿಯರು ಅದನ್ನು ದೂರವಿಡಬೇಕೆಂಬುದು ವೈದ್ಯರ ಮಾತು. ಈ ತೊಡಕನ್ನು ಬಿಡಿಸಿದವರು, ನಂಬುವಿರೋ ಇಲ್ಲವೋ, ಒಬ್ಬ ಸಂಗೀತಗಾರರು! ಫ್ರಾನ್ಸಿನ ಜೊಯೆಲ್ ರೊಸೆಲ್ ಎಂಬವರು 2014ರಲ್ಲಿ ಬೇಳೆಕಾಳು ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆಯೇ ನೊರೆಯೇಳುತ್ತದೆಂದು ಕಂಡುಕೊಂಡರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ‘ಅಕ್ವಾಫಾಬಾ’ ಎಂಬ ಹೆಸರಿಟ್ಟರು. ನಾವು ಸಾರಿಗೆ ಬಸಿದುಕೊಳ್ಳುವ ಕಟ್ಟೇ ಅದು.

ಉಪ್ಪಿಲ್ಲದೆ ಬೇಯಿಸಿದ ಕಾಬೂಲಿ ಕಡಲೆಯ ಕಟ್ಟು ತಣ್ಣಗಾದಾಗ ಲೋಳೆಯಂತಿರಬೇಕು. ನೀರಾಗಿದ್ದರೆ ಒಲೆಯ ಮೇಲೆ ಬತ್ತಿಸಿಕೊಳ್ಳಬೇಕು. ಮೂರು ದೊಡ್ಡ ಚಮಚ ಕಟ್ಟಿಗೆ ನಾಲ್ಕು ಹನಿ ನಿಂಬೆರಸ ಬಿಟ್ಟು ನೊರೆ ಬರುವವರೆಗೆ ಕಡೆದು, ಜರಡಿ ಹಿಡಿದ 250 ಗ್ರಾಂ ನುಣುಪಾದ ಐಸಿಂಗ್ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಕಡಲೆಯ ವಾಸನೆ ಇರದೆ ಎಂದು ಕೇಳುವಿರಿ. ಒಣಗಿದ ಮೇಲೆ ನನಗಂತೂ ಗೊತ್ತಾಗಲಿಲ್ಲ. ಇದರಲ್ಲಿ ಎರಡು ಹದ. ಅಂಚು ಎಳೆಯಲು ಗಟ್ಟಿ ಹದ. ಒಳಗೆ ತುಂಬಲು ತೆಳು ಹದ.

ಇಲ್ಲಿಯೇ ನಾವು ಎಡವಿದೆವು. ಮೊದಲನೆಯ ಗಿಣಿಯ ಹಸಿರು ಅಂಚನ್ನು ದಾಟಿ ತಟ್ಟೆಗಿಳಿಯಿತು. ಎರಡನೆಯದು ತುಂಬುವ ಮೊದಲೇ ಹೆಪ್ಪುಗಟ್ಟಿ ಮುಖದ ಮೇಲೆ ಮೊಡವೆ ಎದ್ದಂತಾಯಿತು. ಹುಡುಗಿ ಫೋನಿನಲ್ಲಿ ನೋಡಿ ನೋಡಿ ನೀರು ಸೇರಿಸಿದಳು, ಸಕ್ಕರೆ ಸೇರಿಸಿದಳು, ಕಡೆಗೆ ಕಣ್ಣಲ್ಲಿ ನೀರು ತಂದುಕೊಂಡಳು.

ನಮ್ಮ ತಾಯಿ ಬಾಗಿಲ ಬಳಿಯಿಂದಲೇ, “ಚಮಚ ಎತ್ತಿ ಬಿಡು, ನೋಡೋಣ” ಎಂದರು. ಅವಳು ಎತ್ತಿ ಬಿಟ್ಟಳು. “ಅದು ಬಿದ್ದ ಗೆರೆ ಹತ್ತು ಎಣಿಸುವುದರೊಳಗೆ ಮುಚ್ಚಿಕೊಳ್ಳಬೇಕು. ಇದು ಮೂರಕ್ಕೇ ಮುಚ್ಚಿತು. ನೀರು ಹೆಚ್ಚಾಗಿದೆ.” ಫೋನಿನಲ್ಲಿದ್ದುದೂ ಅದೇ ಹತ್ತು ಸೆಕೆಂಡಿನ ಲೆಕ್ಕ! ಬಿಸ್ಕತ್ತು ಮಾಡಿ ಅರಿಯದವರಿಗೆ ಇದು ಹೇಗೆ ತಿಳಿಯಿತು? ಅರವತ್ತು ವರ್ಷ ಸಕ್ಕರೆ ಅಚ್ಚು ಹೊಯ್ದ ಕಣ್ಣು ಅದು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ ದಾರದಿಂದ ಬಿಗಿಯುವುದು, ಸಕ್ಕರೆ ನೀರು ಕುದಿಯುವಾಗ ಹಾಲು ಬಿಟ್ಟು ಕೊಳೆಯನ್ನು ತೆಗೆಯುವುದು, ಪಾಕವನ್ನು ಪಾತ್ರೆಯ ಗೋಡೆಗೆ ಉಜ್ಜುತ್ತ ಬೆಳ್ಳಗೆ ಮಂಜು ಕಟ್ಟುವ ಆ ಒಂದು ಗಳಿಗೆಗೆ ಕಾದು ತಟ್ಟನೆ ಹೊಯ್ಯುವುದು! ಅರೆನಿಮಿಷ ಮುಂಚಾದರೆ ಅಚ್ಚು ಬಿಡದು, ತಡವಾದರೆ ಪಾಕ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಅದರ ಮುಂದೆ ಈ ಲೇಪ ಯಾವ ಮಹಾ?

“ಅಜ್ಜಿ, ನೀವೇ ಬಂದು ಹದ ಮಾಡಿ” ಎಂದು ಹುಡುಗಿ ಕರೆದಳು. ತಾಯಿ ಏಳಲಿಲ್ಲ. ತಂದೆಯವರು ಹೋದಂದಿನಿಂದ ಶುಭಕಾರ್ಯದ ಸಾಮಗ್ರಿಯನ್ನು ಅವರು ಕೈಯಿಂದ ಮುಟ್ಟಿದವರಲ್ಲ. ನಾವು ಯಾರೂ ಬೇಡವೆಂದಿರಲಿಲ್ಲ. ಮುಟ್ಟಿ ಎಂದೂ ಹೇಳಿರಲಿಲ್ಲ. ಆಶ್ವಲಾಯನ ಗೃಹ್ಯಸೂತ್ರದ ಸೀಮಂತೋನ್ನಯನದ ಭಾಗದಲ್ಲಿ, ಮುಳ್ಳುಹಂದಿಯ ಮುಳ್ಳಿನಿಂದ ಬೈತಲೆ ತೆಗೆಯುವ ವಿಧಿಯೂ ವೀಣೆಯವರು ಹಾಡುವ ವಿಧಿಯೂ ಮುಗಿದ ಮೇಲೆ, ವೃದ್ಧ ಸ್ತ್ರೀಯರು ಏನೇನು ಹೇಳುವರೋ ಅದನ್ನೆಲ್ಲ ಮಾಡತಕ್ಕದ್ದು ಎಂಬ ಮಾತು ಬರುತ್ತದೆ. ಆ ವೃದ್ಧೆಯರಿಗೆ ಗಂಡನೂ ಮಕ್ಕಳೂ ಬದುಕಿರಬೇಕೆಂಬ ನಿಬಂಧನೆಯೂ ಜೊತೆಗಿದೆ. ಇದನ್ನು ನಾನು ಹಿಂದಿನ ದಿನವಷ್ಟೇ ಅವಳಿಗೆ ಓದಿ ಹೇಳಿದ್ದೆ. ಹುಡುಗಿ ಬಟ್ಟಲು ಸಮೇತ ಹೋಗಿ ಅಜ್ಜಿಯ ಮುಂದೆ ನೆಲದ ಮೇಲೆ ಕುಳಿತಳು. ಏಳು ತಿಂಗಳ ಹೊಟ್ಟೆ ಹೊತ್ತು ಕೂರುವುದು ಸುಲಭವಲ್ಲ. “ಮೊದಲ ಅರ್ಧ ಸಾಕು ಅಜ್ಜಿ, ಉಳಿದದ್ದು ನನಗೆ ಬೇಡ” ಎಂದು ಚಮಚವನ್ನು ಅವರ ಕೈಗೆ ಕೊಟ್ಟಳು.

ಆಮೇಲೆ ಕೆಲಸ ಸರಾಗವಾಯಿತು. ಬೆಣ್ಣೆ ಕಾಗದವನ್ನು ಕಡಲೆಕಾಯಿ ಪೊಟ್ಟಣದಂತೆ ಸುತ್ತಿ, ತುದಿಯನ್ನು ಸೂಜಿಯಷ್ಟು ಕತ್ತರಿಸಿ, ಅಂಚನ್ನು ಎಳೆದೆವು. ಹತ್ತು ನಿಮಿಷದ ಮೇಲೆ ಒಳಗೆ ತುಂಬಿ, ಗುಳ್ಳೆಗಳನ್ನು ಸೂಜಿಯಿಂದ ಒಡೆದೆವು. ಬಳೆಗಳ ಹಸಿರಿಗೆ ಗಟ್ಟಿ ಬಣ್ಣವನ್ನೇ ಬಳಸಬೇಕು. ನೀರು ಬಣ್ಣ ಹದವನ್ನು ಕೆಡಿಸುತ್ತದೆ. ಮಳೆಗಾಲದ ತೇವದಲ್ಲಿ ಸಕ್ಕರೆ ಬೇಗ ಆರದಾದ್ದರಿಂದ ರಾತ್ರಿಯಿಡೀ ಫ್ಯಾನಿನ ಕೆಳಗಿಡಬೇಕಾಯಿತು. ಒಂದು ಬಣ್ಣ ಆರುವ ಮುನ್ನ ಪಕ್ಕದಲ್ಲಿ ಬಿಳಿಯನ್ನು ಹಾಕಿದ ನಾಲ್ಕು ಗಿಣಿಗಳಲ್ಲಿ ಹಸಿರು ಸೋರಿತು. ಅವನ್ನು ನಾನೂ ನಮ್ಮವರೂ ತಿಂದು ಮುಗಿಸಿದೆವು.

ಮಾವಿನಕಾಯಿಗೆ ಚುಕ್ಕೆಯಿಡುತ್ತಿದ್ದಾಗ ತಾಯಿ ತಾವಾಗಿಯೇ ಹೇಳಿದರು. 1962ರಲ್ಲಿ ಅವರು ಚೊಚ್ಚಲು ಬಸುರಿಯಾಗಿದ್ದಾಗ ಅವರ ತಂದೆ ಸಂಭ್ರಮದಿಂದ ಮುಂಚಿತವಾಗಿಯೇ ತೊಟ್ಟಿಲು ತಂದು ನಡುಮನೆಯಲ್ಲಿ ತೂಗುಹಾಕಿದ್ದರಂತೆ. ಕೂಸು ಎರಡು ದಿನವೂ ಬದುಕಲಿಲ್ಲ. ಬಾಣಂತಿತನವನ್ನೆಲ್ಲ ಆ ಬರಿದು ತೊಟ್ಟಿಲನ್ನು ನೋಡುತ್ತ ಕಳೆದರಂತೆ. ಅದನ್ನು ಇಳಿಸಿ ಎಂದು ಗಂಡಸರಿಗೆ ಹೇಳಲು ಸಂಕೋಚ. ಅಕ್ಕನೇ ಮೊದಲ ಮಗು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ತಾಯಿ ತಲೆಯೆತ್ತದೆ ಚುಕ್ಕೆಯಿಡುತ್ತಲೇ ಇದ್ದರು. ಹುಡುಗಿ ಏನನ್ನೂ ಹೇಳಲಿಲ್ಲ. ಎದ್ದು, ತೊಟ್ಟಿಲಿನ ಅಚ್ಚನ್ನು ಒರೆಸಿ, ಬಿಳಿಯ ಬಟ್ಟೆಯ ತುಂಡಿನಲ್ಲಿ ಕಟ್ಟಿ, “ಇದು ನಾಮಕರಣಕ್ಕೆ, ಅಜ್ಜಿ. ನೀವೇ ಇಟ್ಟುಕೊಳ್ಳಿ” ಎಂದು ಅವರ ಮಡಿಲಲ್ಲಿ ಇಟ್ಟಳು.

ಸೀಮಂತದ ದಿನ ಬೀಗರ ಕಡೆಯ ಹೆಂಗಸರು ಗಿಣಿಗಳನ್ನು ತಿನ್ನಲು ಮನಸ್ಸಾಗದೆ ಕೈಚೀಲಗಳಲ್ಲಿ ಇಟ್ಟುಕೊಂಡರು. ತೇವದಲ್ಲಿ ಎಷ್ಟು ದಿನ ನಿಂತವೋ ತಿಳಿಯದು. ಬಿಗಿ ಮುಚ್ಚಳದ ಡಬ್ಬಿಯಲ್ಲಾದರೆ ಎರಡು ವಾರ ಕೆಡುವುದಿಲ್ಲ.

ಹೆರಿಗೆಗೆ ಇನ್ನೂ ಆರು ವಾರವಿದೆ. ತುಕ್ಕು ಹಿಡಿಯದಿರಲೆಂದು ತಾಯಿ ಆ ಅಚ್ಚನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಿದ್ದಾರೆ. ಅವರು ಅಕ್ಕಿಯೊಳಗೆ ಕೈಯಾಡಿಸಿ ಅದು ಇದೆಯೇ ಎಂದು ನೋಡುವುದನ್ನು ನಾನು ಈಗಾಗಲೇ ಎರಡು ಸಲ ಕಂಡಿದ್ದೇನೆ.