ಕಥೆಯ ಜೀವ ಋಣದಲ್ಲಿದೆ

ಯಾಪಲದಿನ್ನಿಯ ತರುಣನೊಬ್ಬನು ಕಥೆ ಬರೆಯಲು ಕುಳಿತಿದ್ದಾನೆಂದು ಭಾವಿಸೋಣ. ರಾಯಚೂರು ತಾಲ್ಲೂಕಿನ ಆ ಊರಿನಲ್ಲಿ ಅವನಿಗೆ ವಸ್ತುವಿನ ಬಡತನವಿಲ್ಲ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುತ್ತಾರೆ, ಮಳೆ ಕೈಕೊಡುತ್ತದೆ, ಎತ್ತು ಸಾಯುತ್ತದೆ, ಬಣವೆಗೆ ಬೆಂಕಿ ಬೀಳುತ್ತದೆ, ಕಡೆಗೆ ತಮ್ಮನು ಊರು ಬಿಡುತ್ತಾನೆ. ಇಷ್ಟನ್ನೂ ಬರೆದು ಪತ್ರಿಕೆಗೆ ಕಳುಹಿದರೆ ಕಥೆ ಹಿಂದಿರುಗಿ ಬರುತ್ತದೆ. “ಇಷ್ಟು ಘಟನೆಗಳಿದ್ದೂ ಇದರಲ್ಲಿ ಕೊರತೆಯಾದುದೇನು?” ಎಂದು ಅವನು ಕೇಳಿದರೆ ನಾವು ಏನು ಹೇಳೋಣ?

ಧಾರಾವಾಹಿಯನ್ನು ಓದುವವರೆಲ್ಲರೂ ಉತ್ತರವನ್ನು ಅನುಭವದಿಂದ ಬಲ್ಲರು. ‘ಮುಂದಿನ ಸಂಚಿಕೆಗೆ’ ಎಂಬ ಮಾತನ್ನು ಕಂಡು ನಾವು ಚಡಪಡಿಸುವುದು ಬೆಂಕಿ ಆರಿತೇ ಎಂದು ತಿಳಿಯಲಲ್ಲ. ಆರಿಸಲು ಅಣ್ಣ ಬಂದನೇ ಎಂದು ತಿಳಿಯಲು. ಘಟನೆಗಳು ಎಷ್ಟೇ ಇರಲಿ, ಒಬ್ಬರಿಗೆ ಇನ್ನೊಬ್ಬರು ಏನಾಗಿದ್ದರು, ಈಗ ಏನಾದರು ಎಂಬುದೇ ಕಥೆಯ ನಡೆ.

ನಮ್ಮ ಪ್ರಾಚೀನರು ಕಥೆಯ ಕಟ್ಟನ್ನು ಶಾಸ್ತ್ರವಾಗಿಯೇ ವಿವೇಚಿಸಿದ್ದಾರೆ. ಭರತನ ನಾಟ್ಯಶಾಸ್ತ್ರವೂ ಹತ್ತನೆಯ ಶತಮಾನದ ಧನಂಜಯನ ದಶರೂಪಕವೂ ನಾಟಕದ ವಸ್ತುವಿಗೆ ಐದು ಸಂಧಿಗಳನ್ನು ಹೇಳುತ್ತವೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಮೊದಲು ಬೀಜ ಬೀಳುತ್ತದೆ. ಬಳಿಕ ಅದು ಕಂಡೂ ಕಾಣದಂತೆ ಮೊಳೆಯುತ್ತದೆ. ಫಲ ದೊರೆತಂತೆ ತೋರಿ ಕೈತಪ್ಪಿ ಮತ್ತೆ ಹುಡುಕಾಟವಾಗುತ್ತದೆ. ಆಮೇಲೆ ದೊಡ್ಡದೊಂದು ಅಡ್ಡಿ ಎದುರು ನಿಲ್ಲುತ್ತದೆ. ಕಡೆಗೆ ಚದರಿದ ಎಳೆಗಳೆಲ್ಲ ಒಂದೇ ಫಲದಲ್ಲಿ ಕೂಡುತ್ತವೆ. ಸಣ್ಣಕಥೆಗೂ ಕಾದಂಬರಿಗೂ ಈ ಲಕ್ಷಣ ಒಗ್ಗುತ್ತದೆ. ಆದರೆ ಬಿತ್ತತಕ್ಕ ಬೀಜ ಯಾವುದು?

ಇದಕ್ಕೆ ಉತ್ತರವನ್ನು ಹುಡುಕಿಕೊಂಡು ನಮ್ಮ ತರುಣನು ಬಹು ದೂರ ಹೋಗಬೇಕಾಗಿಲ್ಲ. ಅವನ ಜಿಲ್ಲೆಯ ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ ಮನೆಮನೆಯ ಹಿರಿಯರು ಹೇಳುತ್ತ ಬಂದ ಕಥೆಯೊಂದಿದೆ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರಿದ್ದರು. ತುಂಗಭದ್ರೆಯ ದಡದ ಚೀಕಲಪರ್ವಿಯ ವಿಜಯದಾಸರು ಒಮ್ಮೆ ಅವರನ್ನು ಸಂತರ್ಪಣೆಗೆ ಆಹ್ವಾನಿಸಿದರು. ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸರ ಪಂಕ್ತಿಯಲ್ಲಿ ತಾನು ಕೂಡುವುದೇ ಎಂದು ಆಚಾರ್ಯರಿಗೆ ತಾತ್ಸಾರ. ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ನೆಪ ನಿಜವಾಯಿತು. ಯಾವ ಮದ್ದಿಗೂ ಬಗ್ಗದ ನೋವು ಅವರನ್ನು ಹಿಂಡಿತು. ಮಂತ್ರಾಲಯದಲ್ಲಿ ಸೇವೆ ಮಾಡಿದಾಗ, ವಿಜಯದಾಸರನ್ನೇ ಶರಣು ಹೋಗೆಂಬ ಸೂಚನೆ ದೊರೆಯಿತು. ಹೋದರು. ವಿಜಯದಾಸರು ತಾವು ಗುಣಪಡಿಸದೆ, ದೇವದುರ್ಗ ಸೀಮೆಯ ಮೊಸರಕಲ್ಲಿನವರಾದ ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿದರು. ಗುರುವಿನ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಈ ಅಪರಿಚಿತರಿಗೆ ಧಾರೆಯೆರೆದರಂತೆ. ಅಂದು ಬದುಕಿದ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ, ಹರಿಕಥಾಮೃತಸಾರವನ್ನು ಕನ್ನಡದ ಭಾಮಿನೀ ಷಟ್ಪದಿಯಲ್ಲಿ ರಚಿಸಿದರು. ಅವರ ಕಾಲ 1728ರಿಂದ 1809 ಎಂದು ಗಣಿಸುತ್ತಾರೆ.

ಭಕ್ತರಿಗೆ ಇದು ಮಹಿಮೆ. ಕಥೆ ಬರೆಯುವವನಿಗೆ ಇದೊಂದು ಪಾಠವೂ ಹೌದು. ಇಲ್ಲಿ ಬೀಜವು ಕಾಯಿಲೆಯಲ್ಲ. ಸಲ್ಲಬೇಕಾಗಿದ್ದ ಗೌರವವೊಂದು ಸಲ್ಲದೆ ಉಳಿದುದೇ ಬೀಜ. ಹೇಳಿದ ಸುಳ್ಳು ಒಡಲೊಳಗೆ ನಿಜವಾಗಿ ಮೊಳೆತುದು ಪ್ರತಿಮುಖ. ಮದ್ದು, ಸೇವೆ, ಆಸೆ, ನಿರಾಸೆಗಳ ಅಲೆದಾಟ ಗರ್ಭ. ತಾನು ತಿರಸ್ಕರಿಸಿದ ಬಾಗಿಲಿಗೇ ಮರಳಬೇಕಾದ ಸಂಕಟ ವಿಮರ್ಶ. ಅಲ್ಲಿ ಅಡ್ಡಿ ಹೊರಗಿನ ವೈರಿಯಲ್ಲ, ಸ್ವಂತ ಅಹಂಕಾರ. ಕನ್ನಡವನ್ನು ಕೀಳೆಣಿಸಿದ ನಾಲಗೆಯೇ ಕನ್ನಡದಲ್ಲಿ ಹಾಡಿದುದು ನಿರ್ವಹಣ. ಮೊದಲ ತಾತ್ಸಾರಕ್ಕೂ ಕಡೆಯ ಕಾವ್ಯಕ್ಕೂ ನಡುವೆ ಒಂದೇ ದಾರ ಹಾದಿದೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ವಿಜಯದಾಸರೇ ನೋವು ಕಳೆದಿದ್ದರೆ ಇದು ಕ್ಷಮೆಯ ಕಥೆಯಾಗಿ ಮುಗಿಯುತ್ತಿತ್ತು. ಮೂರನೆಯವರು ಬಂದುದರಿಂದ ಸಂಬಂಧದ ಭಾರವೇ ಬದಲಾಯಿತು. ಅವಮಾನ ಆದದ್ದು ಗುರುವಿಗೆ; ಬೆಲೆ ತೆತ್ತದ್ದು ಶಿಷ್ಯ. ಪ್ರಧಾನ ಕಥೆಯ ಜೊತೆಗೇ ಬಹುದೂರ ನಡೆದು ಅದರ ಫಲಕ್ಕೆ ನೆರವಾಗುವ ಉಪಕಥೆಯನ್ನು ಶಾಸ್ತ್ರಕಾರರು ‘ಪತಾಕೆ’ ಎಂದರು. ರಾಮಾಯಣದ ಸುಗ್ರೀವನ ವೃತ್ತಾಂತ ಅದಕ್ಕೆ ಪ್ರಸಿದ್ಧ ನಿದರ್ಶನ. ಗೋಪಾಲದಾಸರ ಪಾತ್ರವೂ ಅಂಥದೇ. ಅವರು ಕೊಟ್ಟದ್ದನ್ನು ಹಿಂದಿರುಗಿಸುವ ಮಾರ್ಗವೇ ಇಲ್ಲ. ತೀರಿಸಲಾಗದ ಋಣವಿರುವೆಡೆ ಕಥೆ ಮುಗಿದ ಮೇಲೂ ವಾಚಕನ ಮನಸ್ಸಿನಲ್ಲಿ ನಡೆಯುತ್ತಲೇ ಇರುತ್ತದೆ.

ಗ್ರೀಸಿನ ಅರಿಸ್ಟಾಟಲನೂ ದುರಂತ ನಾಟಕವನ್ನು ಕುರಿತು ವಿವೇಚಿಸುತ್ತ, ಸ್ಥಿತಿಯ ತಿರುವು ಮತ್ತು ಅರಿವಿನ ಉದಯ ಇವೆರಡೂ ಒಟ್ಟಿಗೆ ಒದಗುವ ಕಥಾನಕವನ್ನು ಮೇಲೆಂದನು. ಆಚಾರ್ಯರಿಗೆ ಆರೋಗ್ಯ ತಿರುಗಿದ ಗಳಿಗೆಯೂ ತಾವು ಯಾರನ್ನು ಹಳಿದಿದ್ದೆವೆಂದು ತಿಳಿದ ಗಳಿಗೆಯೂ ಒಂದೇ ಅಲ್ಲವೇ?

ಈಗ ಯಾಪಲದಿನ್ನಿಗೆ ಮರಳೋಣ. ನಮ್ಮ ತರುಣನು ಹೊಸ ಘಟನೆ ಯಾವುದನ್ನೂ ಸೇರಿಸಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಯಾರು ಯಾರಿಗೆ ಏನು ಸಲ್ಲಿಸಬೇಕಾಗಿತ್ತು? ಅದನ್ನು ಯಾವ ನೆಪದಿಂದ ಮರೆಸಿದರು? ತೀರಿಸಲು ಹೊರಟಾಗ ಬೆಲೆ ತೆತ್ತವರಾರು? ಅಣ್ಣನು ಕಾಯಿಲೆ ಬಿದ್ದ ವರ್ಷ ತಮ್ಮನ ಹೆಂಡತಿ ತನ್ನ ಬಳೆ ಮಾರಿ ವೈದ್ಯರಿಗೆ ಹಣ ಕೊಟ್ಟಿದ್ದಳೆನ್ನೋಣ. ಪಾಲಿನ ದಿನ ಪಂಚರ ಮುಂದೆ ಅಣ್ಣನು ಆ ಮಾತನ್ನು ಎತ್ತಲಿಲ್ಲ. ತಮ್ಮನೂ ಕೇಳಲಿಲ್ಲ. ಅಷ್ಟೇ ಬೀಜ. ಇನ್ನು ಮಳೆ ಹೋದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುವ ನೋಟ ಬೇರೆ. ಸತ್ತ ಎತ್ತು ಯಾರದೆಂಬುದಕ್ಕೂ ಅರ್ಥ ಬರುತ್ತದೆ. ಊರು ಬಿಡುವ ತಮ್ಮನನ್ನು ಅಣ್ಣನು ತಡೆಯಲಾರದೆ ನಿಲ್ಲುವುದೂ ಮಾತಿಲ್ಲದೆಯೇ ತಿಳಿಯುತ್ತದೆ. ಹಳೆಯ ಘಟನೆಗಳೇ ಒಂದನ್ನೊಂದು ಕೈಹಿಡಿದು ನಡೆಯತೊಡಗುತ್ತವೆ.

ಬಣವೆಗೆ ಬೆಂಕಿ ಬಿದ್ದ ರಾತ್ರಿ ಮೊದಲ ಕೊಡ ಹೊತ್ತು ಓಡಿಬಂದವರು ಯಾರೆಂಬುದನ್ನು ಅವನು ಮುಂದಿನ ಸಂಚಿಕೆಗೆ ಬಿಡಲಿ. ನಾವು ಸಂತೋಷದಿಂದ ಕಾಯುತ್ತೇವೆ.