ಇಳಿಯುವ ದಾರಿ ಬೆಟ್ಟದ ಹೆಸರಾದದ್ದು

ಇಂಗ್ಲಿಷ್ ನಿಘಂಟುಗಳಲ್ಲಿ ‘ಘಾಟ್’ ಎಂಬ ನಾಲ್ಕಕ್ಷರದ ಪುಟ್ಟ ಪದವೊಂದಿದೆ. ಭಾರತದಿಂದ ಅಲ್ಲಿಗೆ ಹೋದ ಈ ಪದಕ್ಕೆ ಮೂರು ಅರ್ಥ: ನದಿಗೆ ಇಳಿಯುವ ಮೆಟ್ಟಿಲು, ಬೆಟ್ಟ ಹತ್ತಿಳಿಯುವ ದಾರಿ, ಇಡೀ ಬೆಟ್ಟಸಾಲು. ಇವುಗಳಲ್ಲಿ ಯಾವುದು ಹಳೆಯದು, ಯಾವುದು ಆಮೇಲೆ ಬಂದದ್ದು ಎಂಬುದು ತಾಳವಾಡಿ ಬೆಟ್ಟಗಳಲ್ಲಿ ಚೆನ್ನಾಗಿ ಕಾಣುತ್ತದೆ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ಈ ಕನ್ನಡ ಸೀಮೆ ಇರುವುದೇ ಪೂರ್ವ ಘಟ್ಟ ಮತ್ತು ಪಶ್ಚಿಮ ಘಟ್ಟಗಳು ಒಂದನ್ನೊಂದು ಸಂಧಿಸುವ ಕಡೆ. ಇಲ್ಲಿಂದ ಕೆಳಗಿನ ಸತ್ಯಮಂಗಲಕ್ಕೆ ಹೋಗಲು ಇರುವುದೂ ಒಂದು ಘಾಟ್: ದಿಂಬಂ ಘಾಟ್.

ಕನ್ನಡದ ‘ಘಟ್ಟ’, ಹಿಂದಿ ಮರಾಠಿಗಳ ‘ಘಾಟ್’ ಎರಡೂ ಸಂಸ್ಕೃತದ ‘ಘಟ್ಟ’ದಿಂದ ಬಂದವು ಎಂಬುದು ನಿಘಂಟುಗಳ ಸಾಮಾನ್ಯ ವಿವರಣೆ. ಸಂಸ್ಕೃತದಲ್ಲಿ ಅದರ ಅರ್ಥ ನದಿಯ ದಡದ ಮೆಟ್ಟಿಲು, ದೋಣಿ ಹತ್ತಿಳಿಯುವ ಜಾಗ. ಆ ಸಂಸ್ಕೃತ ಪದವೇ ದ್ರಾವಿಡ ಭಾಷೆಗಳಿಂದ ಹೋಗಿರಬಹುದು ಎನ್ನುವವರೂ ಇದ್ದಾರೆ. ಕನ್ನಡದ ‘ಕಟ್ಟೆ’, ತೆಲುಗಿನ ‘ಗಟ್ಟು’ ಇವೆಲ್ಲ ನೀರಿನ ಅಂಚಿನ ಏರಿಯನ್ನೋ ದಡವನ್ನೋ ಹೇಳುತ್ತವೆಂಬುದು ಆ ವಾದಕ್ಕೆ ಆಧಾರ. ಮೂಲ ಯಾವುದೇ ಇರಲಿ, ಪದ ಹುಟ್ಟಿದ್ದು ನೀರಿನ ಬದಿಯಲ್ಲಿ. ಕಾಶಿಯ ಮಣಿಕರ್ಣಿಕಾ ಘಾಟ್, ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಸ್ನಾನಘಟ್ಟಗಳು ಆ ಮೊದಲ ಅರ್ಥವನ್ನು ಇಂದಿಗೂ ಉಳಿಸಿಕೊಂಡಿವೆ.

ನೀರಿಗೆ ಇಳಿಯುವ ಜಾಗದ ಹೆಸರು ಬೆಟ್ಟ ಇಳಿಯುವ ಜಾಗಕ್ಕೂ ಸಂದದ್ದು ಸಹಜ. ದಖನ್ನಿನ ಎತ್ತರದಿಂದ ಕರಾವಳಿಗೋ ಬಯಲಿಗೋ ಇಳಿಯಲು ಎತ್ತುಗಾಡಿ, ಹೇರೆತ್ತು, ದಂಡು ಎಲ್ಲವೂ ಹುಡುಕಿಕೊಂಡ ಇಳಿಜಾರು ದಾರಿಗಳಿಗೆ ಜನ ಘಾಟ್, ಘಾಟಿ ಎಂದರು. ಮೈಸೂರು ಮತ್ತು ಕೊಂಗು ನಾಡಿನ ನಡುವೆ ಅಂಥ ಹಳೆಯ ದಾರಿಗಳಲ್ಲಿ ಹೆಸರಾದದ್ದು ಗಜ್ಜಲಹಟ್ಟಿ ಕಣಿವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೇನೆ ಈ ದಾರಿಯಿಂದಲೇ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ಪಡೆಯ ಮೇಲೆ ಬಿತ್ತು. ಆ ಕಾಲದ ದಾಖಲೆಗಳು ನಾಡನ್ನೇ ‘ಬಾಲಾಘಾಟ್’, ‘ಪಾಯೀನ್‌ಘಾಟ್’ ಎಂದು ಎರಡಾಗಿ ವಿಂಗಡಿಸುತ್ತವೆ. ಪಾರಸಿಯಲ್ಲಿ ‘ಬಾಲಾ’ ಎಂದರೆ ಮೇಲೆ, ‘ಪಾಯೀನ್’ ಎಂದರೆ ಕೆಳಗೆ. ದಕ್ಷಿಣ ಕನ್ನಡದವರು ಬಯಲುಸೀಮೆಯವರನ್ನು ಇಂದಿಗೂ ಘಟ್ಟದ ಮೇಲಿನವರು ಎನ್ನುವುದು ಇದೇ ಲೆಕ್ಕದಲ್ಲಿ.

ಮೂರನೆಯ ಅರ್ಥ ಹುಟ್ಟಿದ್ದು ಈ ‘ಮೇಲೆ, ಕೆಳಗೆ’ ಎಂಬ ಮಾತಿನಿಂದಲೇ. ಘಾಟಿನ ಮೇಲಿನ ನಾಡು, ಕೆಳಗಿನ ನಾಡು ಎಂದು ಜನ ಹೇಳುವುದನ್ನು ಕೇಳಿದ ಹೊರಗಿನವರು ಘಾಟ್ ಎಂದರೆ ನಡುವಿನ ಬೆಟ್ಟಸಾಲೇ ಇರಬೇಕೆಂದುಕೊಂಡರು. 16ನೆಯ ಶತಮಾನದ ಪೋರ್ಚುಗೀಸ್ ಚರಿತ್ರೆಕಾರ ಜುವಾಂವ್ ದಿ ಬಾರೋಸ್ ಹಾಗೆಯೇ ಬರೆದಿದ್ದಾನೆ. ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿ 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಈ ತಪ್ಪುಗ್ರಹಿಕೆಯನ್ನು ಗುರುತಿಸಿ ವಿವರಿಸುತ್ತದೆ. ಆ ಹೊತ್ತಿಗೆ ಭೂಪಟಗಳಲ್ಲಿ ಹೆಸರು ನೆಲೆಯಾಗಿತ್ತು. ಪಶ್ಚಿಮದ ಸಾಲಿಗೆ ಸಹ್ಯಾದ್ರಿ ಎಂಬ ಸ್ವಂತ ಹೆಸರು ಮೊದಲಿನಿಂದ ಇತ್ತು. ತುಂಡುತುಂಡಾದ ಪೂರ್ವದ ಬೆಟ್ಟಗಳನ್ನೆಲ್ಲ ಒಟ್ಟಾಗಿ ಕರೆಯುವ ಅಂಥ ಬಳಕೆಯ ಹೆಸರಿರಲಿಲ್ಲ. ಹಾಗಾಗಿ ‘ಪೂರ್ವ ಘಟ್ಟ’ ಎಂಬುದು ಪೂರಾ ಭೂಪಟದ ಕೂಸು ಎನ್ನಬೇಕು.

ಇಂಗ್ಲಿಷರ ಬಾಯಲ್ಲಿ ಈ ಪದ ತನಗೆ ಸೇರದ ಊರನ್ನೂ ನುಂಗಿತು. ಪಾಲಕ್ಕಾಡ್ ಹೆಸರಿನ ಕೊನೆಯಲ್ಲಿರುವುದು ‘ಕಾಡ್’, ಅಂದರೆ ಕಾಡು. ಪಶ್ಚಿಮ ಘಟ್ಟದ ಅತಿ ದೊಡ್ಡ ಕಂಡಿ ಅಲ್ಲಿಯೇ ಇರುವುದರಿಂದಲೋ ಏನೋ, ಅವರು ಅದನ್ನು ‘ಪಾಲ್ಘಾಟ್’ ಎಂದು ಬರೆದರು.

ತಾಳವಾಡಿಯಲ್ಲಿ ಇನ್ನೊಂದು ಸಂಗತಿ ಗಮನಿಸಬೇಕಾದದ್ದು. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಬೆಟ್ಟಸಾಲು ‘ಪಶ್ಚಿಮ ಘಟ್ಟ’. ತಮಿಳು ಮಾಧ್ಯಮದ ಮಕ್ಕಳಿಗೆ ‘ಮೇರ್ಕು ತೊಡರ್ಚಿ ಮಲೈ’, ಅಂದರೆ ಪಡುವಣದ ಸಾಲುಬೆಟ್ಟ. ತಮಿಳು ಹೊರಗಿನವರು ಕೊಟ್ಟ ಹೆಸರನ್ನು ಬಿಟ್ಟು ತನ್ನದೇ ಮಾತು ಕಟ್ಟಿಕೊಂಡಿತು. ಕನ್ನಡ ತನ್ನಲ್ಲಿದ್ದ ‘ಘಟ್ಟ’ಕ್ಕೆ ಹೊಸ ಅರ್ಥವನ್ನು ಸೇರಿಸಿಕೊಂಡಿತು. ಸ್ಥಳೀಯರು ಬೆಟ್ಟಗಳಿಗೇ ಇಟ್ಟ ಹೆಸರುಗಳಲ್ಲಂತೂ ಘಟ್ಟ ಕಾಣುವುದು ಅಪರೂಪ. ತಲಮಲೆ, ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ ಎಲ್ಲವೂ ಮಲೆ, ಗಿರಿ, ಬೆಟ್ಟಗಳೇ. ನೆಲದೊಡನೆ ಬಾಳಿದವರಿಗೆ ಬೆಟ್ಟ ಬೇರೆ, ಅದನ್ನು ದಾಟುವ ದಾರಿ ಬೇರೆ. ಈ ವ್ಯತ್ಯಾಸ ಭೂಪಟದಲ್ಲಿ ಅಳಿಸಿಹೋಗಿದೆ.

ಕನ್ನಡದಲ್ಲಿ ಘಟ್ಟಕ್ಕೆ ನಾಲ್ಕನೆಯ ಅರ್ಥವೂ ಇದೆ. ಮಾತುಕತೆ ಒಂದು ಘಟ್ಟಕ್ಕೆ ಬಂತು, ಕಾಯಿಲೆ ಕೊನೆಯ ಘಟ್ಟ ತಲುಪಿತು ಎನ್ನುವಾಗ ಅದು ಹಂತ. ಆದರೆ ಒಗ್ಗರಣೆಗೆ ಬಿದ್ದ ಒಣಮೆಣಸಿನಕಾಯಿ ಕಪ್ಪಗಾಗುತ್ತಲೇ ಮನೆಯವರೆಲ್ಲ ಕೆಮ್ಮುವಂತೆ ಮಾಡುವ ‘ಘಾಟು’ ಬೇರೆಯೇ ಬಳಗದ್ದು. ತಮಿಳಿನಲ್ಲಿ ಖಾರದ ತೀಕ್ಷ್ಣತೆಗೆ ಹೇಳುವ ‘ಕಾಟ್ಟಂ’ ಅದರ ನಂಟ. ಉಚ್ಚಾರಣೆ ಹತ್ತಿರವಾದ ಮಾತ್ರಕ್ಕೆ ಇವೆರಡನ್ನು ಒಂದೇ ಬೇರಿಗೆ ಕಟ್ಟುವಂತಿಲ್ಲ.

ದಿಂಬಂನಲ್ಲಿ ಮಾತ್ರ ಪದ ತನ್ನ ಎರಡನೆಯ ಅರ್ಥದಲ್ಲೇ ದಿನವೂ ಬಳಕೆಯಾಗುತ್ತಿದೆ. ಬಣ್ಣಾರಿ ಅಮ್ಮನ ಗುಡಿ ದಾಟಿದ ಮೇಲೆ ಏರು ಶುರುವಾಗಿ, 27 ಹೇರ್‌ಪಿನ್ ತಿರುವುಗಳಲ್ಲಿ ರಸ್ತೆ ಮೇಲೇರುತ್ತದೆ. ಎದುರಿನಿಂದ ಉದ್ದದ ಲಾರಿ ಇಳಿದು ಬಂದರೆ ಬಸ್ಸು ತಿರುವಿನ ಕೆಳಗೇ ನಿಂತು ದಾರಿ ಬಿಡಬೇಕು. ಬೆಂಗಳೂರು–ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿಯ ಭಾಗವಾದ ಈ ದಾರಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾದುಹೋಗುತ್ತದೆ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ತಾಳವಾಡಿಯ ರೈತರು ತರಕಾರಿ ಲೋಡನ್ನು ಯಾವ ಹೊತ್ತಿಗೆ ಘಾಟ್ ಇಳಿಸಬೇಕೆಂದು ಲೆಕ್ಕ ಹಾಕುವುದು ಈ ಸಮಯ ನೋಡಿಕೊಂಡೇ.