ಆಳದಲ್ಲಿ ಹತ್ತು ನಿಮಿಷ

ಫ್ಲೋರಿಡಾದ ವಾಯವ್ಯ ಕರಾವಳಿಯಲ್ಲಿ, ಮೆಕ್ಸಿಕೊ ಕೊಲ್ಲಿಗೆ ಮುಖಮಾಡಿ ಡೆಸ್ಟಿನ್ ಎಂಬ ಊರಿದೆ. 2019ರ ಮೇ ತಿಂಗಳಲ್ಲಿ ಅಲ್ಲಿನ ಬಂದರುಕಟ್ಟೆಯಲ್ಲಿ ಎರಡು ದಿನ ಮೀನೆಣಿಸುವ ಕೆಲಸ ನಡೆಯಿತು. ದೋಣಿಗಳಿಂದ ಇಳಿದ ಐಸ್ ಪೆಟ್ಟಿಗೆಗಳಲ್ಲಿ ಇದ್ದದ್ದು ಒಂದೇ ಬಗೆಯ ಮೀನು. ಎರಡು ದಿನದ ಲೆಕ್ಕ 14,119. ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಹಿಡಿದದ್ದನ್ನೂ ಕೂಡಿಸಿದರೆ 19,167. ಬೀಸುಬಲೆಯಿಲ್ಲ, ಗಾಳವಿಲ್ಲ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗಿದವರು ಚಿಕ್ಕ ಈಟಿಯಿಂದ ಒಂದೊಂದನ್ನೇ ಚುಚ್ಚಿ ಮೇಲೆ ತಂದ ರಾಶಿ ಅದು. ಸ್ಪರ್ಧೆಯ ಹೆಸರು ಎಮರಾಲ್ಡ್ ಕೋಸ್ಟ್ ಓಪನ್; ಮೀನಿನ ಹೆಸರು ಲಯನ್‌ಫಿಶ್.

ಸಿಂಹಮೀನು ಎಂದು ಕರೆದರೂ ಸರಿಯೇ. ಕೆಂಪು ಬಿಳಿ ಪಟ್ಟೆ, ಬೀಸಣಿಗೆಯಂತೆ ಬಿಚ್ಚಿಕೊಂಡ ರೆಕ್ಕೆ, ಬೆನ್ನ ಮೇಲೆ ಸಾಲು ಮುಳ್ಳು. ಯಕ್ಷಗಾನದ ಬಣ್ಣದ ವೇಷವೊಂದು ನೀರಿಗಿಳಿದ ಹಾಗೆ ಕಾಣುತ್ತದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ನಾನು ಮೊದಲ ಸಲ ಮುಳುಗಿದಾಗ ಬಂಡೆಯ ಸಂದಿನಲ್ಲಿ ಇಂಥದೊಂದು ಅಲುಗಾಡದೆ ನಿಂತಿತ್ತು. ನಾನು ಕೈ ಮುಂದೆ ಮಾಡುವಷ್ಟರಲ್ಲಿ ಜೊತೆಗಿದ್ದ ತರಬೇತುದಾರರು ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು. ಅದರ ಮೈಮೇಲೆ ಹದಿನೆಂಟು ವಿಷದ ಮುಳ್ಳುಗಳಿವೆ: ಬೆನ್ನಲ್ಲಿ 13, ಹೊಟ್ಟೆಯ ಕೆಳಗೆ ಎರಡು, ಬಾಲದ ಹತ್ತಿರ ಮೂರು. ಆ ದಿನ ಇಡೀ ಮುಳುಗಿನಲ್ಲಿ ಕಂಡದ್ದು ಅದೊಂದೇ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಅದರ ತವರು. ಇಲ್ಲಿ ಅದಕ್ಕೆ ಎದುರಾಳಿಗಳಿದ್ದಾರೆ, ಅದನ್ನು ಕಂಡರೆ ದೂರ ಸರಿಯಬೇಕೆಂದು ಅರಿತ ಚಿಕ್ಕ ಮೀನುಗಳಿವೆ. ಇಲ್ಲಿ ಅದು ಊರಿನವರ ಪೈಕಿ ಒಬ್ಬ.

ಅಟ್ಲಾಂಟಿಕ್‌ನಲ್ಲಿ ಹಾಗಲ್ಲ. 1985ರಲ್ಲಿ ಫ್ಲೋರಿಡಾದ ಡೇನಿಯಾ ಬೀಚ್ ಬಳಿ ಮೊದಲ ಲಯನ್‌ಫಿಶ್ ಸಿಕ್ಕಿತು. ಮನೆಯ ಅಕ್ವೇರಿಯಂನಲ್ಲಿ ಸಾಕಿ, ಸಾಕಾದ ಮೇಲೆ ಕಡಲಿಗೆ ಬಿಟ್ಟವರಿಂದ ಇದು ಶುರುವಾಯಿತೆಂಬುದು ಎಲ್ಲರೂ ಒಪ್ಪುವ ವಿವರಣೆ. 1992ರ ಆಂಡ್ರೂ ಚಂಡಮಾರುತದಲ್ಲಿ ಒಂದು ಅಕ್ವೇರಿಯಂ ಒಡೆದು ಆರು ಮೀನು ತಪ್ಪಿಸಿಕೊಂಡವೆಂಬ ಕಥೆ ಬಹಳ ಕಾಲ ಓಡಾಡಿತು. ಅದಕ್ಕೂ ಏಳು ವರ್ಷ ಮುಂಚೆಯೇ ಮೀನು ಕಡಲಲ್ಲಿತ್ತು. 2000ದ ಹೊತ್ತಿಗೆ ಉತ್ತರ ಕೆರೊಲಿನಾ, 2004ಕ್ಕೆ ಬಹಾಮಾಸ್, 2010ಕ್ಕೆ ಮೆಕ್ಸಿಕೊ ಕೊಲ್ಲಿ. ಒಂದು ಹೆಣ್ಣು ವರ್ಷಕ್ಕೆ ಇಪ್ಪತ್ತು ಲಕ್ಷದವರೆಗೆ ಮೊಟ್ಟೆ ಬಿಡಬಲ್ಲದು. ಹೊಟ್ಟೆ ಖಾಲಿಯಿದ್ದಾಗಿನದಕ್ಕಿಂತ ಮೂವತ್ತು ಪಟ್ಟು ಹಿಗ್ಗಬಲ್ಲದು. ಬಹಾಮಾಸ್‌ನ ಚಿಕ್ಕ ಹವಳದ ದಿಬ್ಬಗಳಲ್ಲಿ ಮಾರ್ಕ್ ಆಲ್ಬಿನ್ಸ್ ಮತ್ತು ಮಾರ್ಕ್ ಹಿಕ್ಸನ್ ಒಂದು ಪ್ರಯೋಗ ಮಾಡಿದರು. ದಿಬ್ಬಕ್ಕೊಂದು ಲಯನ್‌ಫಿಶ್ ಬಿಟ್ಟು ಐದು ವಾರ ಕಾದರು. ಅಲ್ಲಿಗೆ ಹೊಸದಾಗಿ ಬಂದು ನೆಲೆಸುವ ಸ್ಥಳೀಯ ಮರಿಮೀನುಗಳ ಸಂಖ್ಯೆ 79 ಶೇಕಡಾ ಕುಸಿದಿತ್ತು. 2008ರಲ್ಲಿ ಈ ಫಲಿತಾಂಶ ಪ್ರಕಟವಾಯಿತು; ಮರುವರ್ಷವೇ ರೀಫ್ ಎಂಬ ಸ್ವಯಂಸೇವಾ ಸಂಸ್ಥೆ ಲಯನ್‌ಫಿಶ್ ಬೇಟೆಯ ಸ್ಪರ್ಧೆಗಳನ್ನು ಶುರುಮಾಡಿತು.

ಈಟಿಬೇಟೆಯನ್ನು ಆಟವಾಗಿ ಆಡುವವರು ಸಿಲಿಂಡರ್ ಕಟ್ಟಿಕೊಳ್ಳುವುದನ್ನು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ನಡೆಯುವುದು ಉಸಿರು ಬಿಗಿಹಿಡಿದು. ಫ್ರಾನ್ಸ್, ಇಟಲಿಯಂಥ ದೇಶಗಳಲ್ಲಿ ಸ್ಕೂಬಾ ಧರಿಸಿ ಮೀನು ಚುಚ್ಚುವುದೇ ಕಾನೂನುಬಾಹಿರ. ನೀರಿನಡಿ ಉಸಿರಾಡುತ್ತ ನಿಂತವನ ಎದುರು ಮೀನಿಗೆ ಉಳಿಗಾಲವಿಲ್ಲ, ಅದು ಸಮಬಲದ ಆಟವಲ್ಲ ಎಂಬುದು ಕಾರಣ. ನನಗೂ ಅದು ಸರಿಯೆನಿಸುತ್ತದೆ. ಆದರೆ ಲಯನ್‌ಫಿಶ್ ವಿಷಯದಲ್ಲಿ ಈ ವಾದ ತಲೆಕೆಳಗಾಗುತ್ತದೆ. ಇಲ್ಲಿ ಬೇಕಾದದ್ದೇ ಅದಕ್ಕೆ ಉಳಿಗಾಲವಿಲ್ಲದಂತೆ ಮಾಡುವುದು. ಹಾಗಾಗಿ ಫ್ಲೋರಿಡಾದಲ್ಲಿ ಎಷ್ಟು ಲಯನ್‌ಫಿಶ್ ಹಿಡಿದರೂ ಮಿತಿಯಿಲ್ಲ, ಅದಕ್ಕೆಂದೇ ಮಾಡಿದ ಚಿಕ್ಕ ಈಟಿಯಿಂದ ಚುಚ್ಚುವವರಿಗೆ ಪರವಾನಗಿಯೂ ಬೇಡ.

ಗುರಿಯಿಡುವುದು ಕಷ್ಟವೇ ಅಲ್ಲ. ಮುಳ್ಳಿನ ಮೇಲೆ ಭರವಸೆಯಿಟ್ಟ ಈ ಮೀನು ಮನುಷ್ಯನನ್ನು ಕಂಡು ಓಡುವುದಿಲ್ಲ; ಒಂದಡಿ ದೂರಕ್ಕೆ ಈಟಿ ಬಂದರೂ ನಿಂತಲ್ಲೇ ನಿಂತಿರುತ್ತದೆ. ಕಷ್ಟವಿರುವುದು ಆಳದಲ್ಲಿ. ಜನ ಸುಲಭವಾಗಿ ಮುಳುಗುವ ಹವಳದ ಮೇಲ್ಮಟ್ಟವನ್ನು ಬೇಟೆಗಾರರು ಆಗಾಗ ಗುಡಿಸುತ್ತಲೇ ಇರುತ್ತಾರೆ. ದೊಡ್ಡ ಮೀನುಗಳು ಉಳಿದಿರುವುದು ಅದರ ಕೆಳಗೆ. ಡೆಸ್ಟಿನ್ ಸುತ್ತಲಿನ ಕಡಲತಳ ಬಹುಪಾಲು ಬರೀ ಮರಳು. ಮೀನು ಸೇರುವುದು ಮುಳುಗಿಸಿದ ಹಡಗು, ಕಾಂಕ್ರೀಟ್ ರಾಶಿಗಳ ಸುತ್ತ. ಪಕ್ಕದ ಪೆನ್ಸಕೋಲಾದ ಎದುರು 2006ರಲ್ಲಿ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯನ್ನೇ ಮೀನುಮನೆಯಾಗಲೆಂದು ಮುಳುಗಿಸಿದರು. ಅದರ ತಳ ಕೂತಿರುವುದು ಸುಮಾರು 64 ಮೀಟರ್ ಆಳದಲ್ಲಿ.

ಆಳ ಎಂದರೆ ದೇಹಕ್ಕೆ ಏನು? ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಅದು ಗಾಳಿಯ ಒತ್ತಡದ ಅಲ್ಪ ವ್ಯತ್ಯಾಸ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಹತ್ತು ಮೀಟರ್ ಇಳಿದರೆ ಸಾಕು, ಇಡೀ ವಾಯುಮಂಡಲದಷ್ಟೇ ಭಾರ ಇನ್ನೊಂದು ಪದರವಾಗಿ ಮೈಮೇಲೆ ಕೂರುತ್ತದೆ. 40 ಮೀಟರಿನಲ್ಲಿ ಒತ್ತಡ ನೆಲದ ಮೇಲಿನ ಐದರಷ್ಟು. ಎದೆಗೂಡು ಕುಸಿಯದಿರಲೆಂದು ರೆಗ್ಯುಲೇಟರ್ ಅದೇ ಒತ್ತಡದ ಗಾಳಿಯನ್ನು ಬಾಯಿಗೆ ಕೊಡುತ್ತದೆ. ಅಂದರೆ ಒಂದು ಉಸಿರಿಗೆ ಐದು ಉಸಿರಿನ ಗಾಳಿ ಖರ್ಚು.

ಲೆಕ್ಕ ಹಾಕಿ ನೋಡೋಣ. 12 ಲೀಟರ್ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ 2,400 ಲೀಟರ್. ಈಜುತ್ತಿರುವವನಿಗೆ ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಬೇಕು, ಅಂದರೆ ಎರಡು ತಾಸು ಸಾಲುತ್ತದೆ. 40 ಮೀಟರಿನಲ್ಲಿ ಅದೇ 24 ನಿಮಿಷ. ಆಪತ್ತಿಗೆಂದು ಕಾಲು ಭಾಗ ತೆಗೆದಿಟ್ಟರೆ ಉಳಿದದ್ದು 18 ನಿಮಿಷ, ಇಳಿಯುವುದು ಏರುವುದು ಎಲ್ಲ ಅದರೊಳಗೇ. ಆದರೆ ಅದಕ್ಕೂ ಮುಂಚೆ ಇನ್ನೊಂದು ಗಡಿಯಾರ ನಿಂತುಬಿಡುತ್ತದೆ. ಅದು ಸಾರಜನಕದ್ದು.

ಗೋಲಿಸೋಡಾದ ಬಾಟಲಿ ನೆನಪಿಸಿಕೊಳ್ಳಿ. ಗೋಲಿ ಒಳಗೆ ಬೀಳುವ ತನಕ ನೀರು ತಿಳಿಯಾಗಿಯೇ ಇರುತ್ತದೆ. ಅನಿಲ ಒತ್ತಡಕ್ಕೆ ಮಣಿದು ನೀರಲ್ಲಿ ಕರಗಿ ಕೂತಿದೆ. ಗೋಲಿ ಒತ್ತಿದ ಕೂಡಲೇ ಬುಸುಗುಟ್ಟಿ ಗುಳ್ಳೆ. ಆಳದಲ್ಲಿ ಉಸಿರಾಡುವವನ ರಕ್ತ, ಕೊಬ್ಬು, ಕೀಲುಗಳಲ್ಲಿ ಸಾರಜನಕ ಹೀಗೆಯೇ ಕರಗುತ್ತ ಹೋಗುತ್ತದೆ. ಅವಸರದಲ್ಲಿ ಮೇಲೆ ಬಂದರೆ ಗುಳ್ಳೆಗಳೇಳುವುದು ಮೈಯೊಳಗೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯು, ಸಾವಿನ ತನಕ ಏನೂ ಆಗಬಹುದು. ಬ್ರೂಕ್ಲಿನ್ ಸೇತುವೆಯ ಅಡಿಪಾಯ ತೋಡಲು ಒತ್ತಡ ತುಂಬಿದ ಕೋಠಿಗಳಿಗೆ ಇಳಿದ ಕೂಲಿಗಳು ಹೀಗೆ ನರಳಿದರು. ಅದರ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಹಾಸಿಗೆ ಹಿಡಿದ. ಬ್ರಿಟನ್ನಿನಲ್ಲಿ ಜೆ. ಎಸ್. ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಹೊರತೆಗೆದು ನೋಡಿದ. ತೊಂದರೆಯಾದ ಆಡು ಮುಂಗಾಲೊಂದನ್ನು ಮಡಚಿ ನೆಲಕ್ಕೂರದೆ ನಿಲ್ಲುತ್ತಿತ್ತು. ಆ ಎತ್ತಿದ ಕಾಲುಗಳನ್ನು ಎಣಿಸಿ 1908ರಲ್ಲಿ ಅವನೂ ಸಂಗಡಿಗರೂ ಪ್ರಕಟಿಸಿದ, ಎಲ್ಲಿ ಎಷ್ಟು ಹೊತ್ತು ತಡೆದು ಏರಬೇಕೆಂಬ ಕೋಷ್ಟಕವೇ, ಇಂದು ಮುಳುಗುಗಾರರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರಿನ ಮೂಲಪುರುಷ.

ಮಾಮೂಲಿ ಗಾಳಿ ಉಸಿರಾಡುತ್ತ 40 ಮೀಟರಿಗೆ ಇಳಿದರೆ, ನಡುವೆ ತಡೆದು ನಿಲ್ಲದೆ ನೇರ ಮೇಲೆ ಬರಬಹುದಾದ ಅವಧಿ ಹತ್ತು ನಿಮಿಷದ ಆಸುಪಾಸು. ಬೇಟೆಗಾರನ ನಿಜವಾದ ಬಂಡವಾಳ ಈ ಹತ್ತು ನಿಮಿಷ. ಸ್ಪರ್ಧೆಯಲ್ಲಿ ಗೆಲ್ಲುವ ತಂಡ ಚುರುಕಾಗಿ ಚುಚ್ಚುವುದಕ್ಕಿಂತ ಚೆನ್ನಾಗಿ ನಿಮಿಷ ಉಳಿಸುತ್ತದೆ. ಹಲವರು ನೈಟ್ರಾಕ್ಸ್ ಬಳಸುತ್ತಾರೆ. ಅಂದರೆ ಆಮ್ಲಜನಕ ಹೆಚ್ಚು, ಸಾರಜನಕ ಕಮ್ಮಿ ಇರುವ ಗಾಳಿ. 32 ಶೇಕಡಾ ಆಮ್ಲಜನಕವಿದ್ದರೆ 30 ಮೀಟರಿನಲ್ಲಿ 20 ನಿಮಿಷದ ಅವಕಾಶ 30 ಆಗುತ್ತದೆ. ಹಾಗೆಂದು ಅದನ್ನೇ ಹೊತ್ತು ಇನ್ನೂ ಕೆಳಗೆ ಹೋಗುವಂತಿಲ್ಲ. ಒತ್ತಡ ಏರಿದಂತೆ ಆಮ್ಲಜನಕವೇ ನರಗಳಿಗೆ ವಿಷವಾಗಿ, ಮೂರ್ಛೆರೋಗದಂಥ ಸೆಳೆತ ಬರಬಹುದು. ನೀರಿನಡಿ ಸೆಳೆತ ಬಂದವನ ಬಾಯಿಂದ ರೆಗ್ಯುಲೇಟರ್ ಕಳಚಿದರೆ ಮುಳುಗಿ ಸಾಯುತ್ತಾನೆ. ಈ ಮಿಶ್ರಣಕ್ಕೆ ಗಡಿ ಸುಮಾರು 33 ಮೀಟರ್. ಅದಕ್ಕೂ ತೀರ ಆಳಕ್ಕೆ ಹೀಲಿಯಂ ಬೆರೆಸಿದ ಗಾಳಿ, ಹಲವು ಸಿಲಿಂಡರು, ವರ್ಷಗಟ್ಟಲೆ ತರಬೇತಿ ಬೇಕು.

ಈಗ ಆ ಹತ್ತು ನಿಮಿಷದೊಳಗೆ ಇಣುಕೋಣ. 35 ಮೀಟರ್ ಆಳ. ಬೆಳಕು ಮಸುಕು ನೀಲಿ. ಕೆಂಪು ಕಿರಣಗಳನ್ನು ನೀರು ಮೊದಲ ಕೆಲವು ಮೀಟರಿನಲ್ಲೇ ಹೀರಿಬಿಟ್ಟಿದೆ, ಹಾಗಾಗಿ ಲಯನ್‌ಫಿಶ್‌ನ ಕೆಂಪು ಪಟ್ಟೆಗಳು ಇಲ್ಲಿ ಕಪ್ಪು. ತುಕ್ಕು ಹಿಡಿದ ತಗಡಿನ ನೆರಳಲ್ಲಿ ಅದು ಇದ್ದೂ ಇಲ್ಲದಂತೆ. ಟಾರ್ಚ್ ಹಾಯಿಸಿದರೆ ದಿಗ್ಗನೆ ಕೆಂಪು ಹೊತ್ತಿಕೊಳ್ಳುತ್ತದೆ. ಮುಖವಾಡದ ಗಾಜಿನಿಂದಾಗಿ ಮೀನು ಇರುವುದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಬೇಟೆಗಾರ ಈಟಿಯ ರಬ್ಬರ್ ಎಳೆದು ಬಿಡುತ್ತಾನೆ. ಚುಚ್ಚಿದ ಮೀನನ್ನು ಕೈಯಿಂದ ಮುಟ್ಟದೆ, ಪ್ಲಾಸ್ಟಿಕ್ ಕೊಳವೆಯಾಕಾರದ ಡಬ್ಬಿಯ ಬಾಯಿಗೆ ತುರುಕಿ ಈಟಿ ಹಿಂದೆಗೆಯುತ್ತಾನೆ. ಬಾಯಿಯ ಪಟ್ಟಿಗಳು ಮೀನನ್ನು ಒಳಗೇ ತಡೆದುಕೊಳ್ಳುತ್ತವೆ. ಮುಂದಿನದು. ಅದರ ಪಕ್ಕದ್ದು.

ಇದೆಲ್ಲ ಮಾಡುವಾಗ ತಲೆ ಪೂರ್ತಿ ತಿಳಿಯಾಗಿರುವುದಿಲ್ಲ. 30 ಮೀಟರ್ ದಾಟಿದ ಮೇಲೆ ಒತ್ತಡದ ಸಾರಜನಕ ನರಕೋಶಗಳ ಮೇಲೆ ಮದ್ದಿನಂತೆ ಕೆಲಸ ಮಾಡಿ ಅಮಲೇರಿಸುತ್ತದೆ. ಕೆಲವರಿಗೆ ಕಾರಣವಿಲ್ಲದ ಖುಷಿ, ಕೆಲವರಿಗೆ ಭಯ. ನನಗೆ ಹೆಚ್ಚು ಅಪಾಯವೆನಿಸುವುದು ಮೂರನೆಯದು: ಒಂದೇ ವಿಷಯಕ್ಕೆ ಮನಸ್ಸು ಅಂಟಿಕೊಳ್ಳುವುದು. ಎದುರಿಗೆ ಇನ್ನೂ ಎರಡು ಮೀನು ಇವೆ, ಎಣಿಕೆಗೆ ಬಹುಮಾನವಿದೆ. ಮಾಪಕದ ಮುಳ್ಳು ಕೆಳಗಿಳಿದದ್ದು ಕಣ್ಣಿಗೆ ಬಿದ್ದರೂ ಬುದ್ಧಿಗೆ ತಲುಪುವುದಿಲ್ಲ. ಆಳಕ್ಕೂ ಸ್ಪರ್ಧೆಗೂ ನಂಟು ಬೆಳೆದಾಗ ಹೆದರಬೇಕಾದದ್ದು ಇದಕ್ಕೆ.

ಮೀನಿನ ಮುಳ್ಳು ತಾಗಿದರೆ? ವಿಷದ ಪ್ರೋಟೀನು ಬಿಸಿಗೆ ಕೆಡುತ್ತದೆ, ಆದ್ದರಿಂದ ಮೊದಲ ಚಿಕಿತ್ಸೆ ಕೈ ತಾಳುವಷ್ಟು ಬಿಸಿನೀರು, 45 ಡಿಗ್ರಿ ಸೆಲ್ಸಿಯಸ್ ಒಳಗೆ. ಆದರೆ ಬಿಸಿನೀರಿನ ಫ್ಲಾಸ್ಕ್ ಇರುವುದು 35 ಮೀಟರ್ ಮೇಲಿನ ದೋಣಿಯಲ್ಲಿ. ಬೆರಳಿನಿಂದ ಹೊರಟ ರಕ್ತ ಆ ಬೆಳಕಲ್ಲಿ ಹಸಿರಾಗಿ ಕಾಣುತ್ತದೆ. ನೋವಿಗೆ ಉಸಿರು ಜೋರಾಗಿ ಗಾಳಿ ಬೇಗ ಖಾಲಿಯಾಗುತ್ತದೆ. ಅಷ್ಟಾದರೂ ಅವಸರ ಮಾಡುವಂತಿಲ್ಲ. ನಿಮಿಷಕ್ಕೆ ಒಂಬತ್ತು ಮೀಟರ್ ವೇಗ ಮೀರದೆ ಏರಬೇಕು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಜೊತೆಗೆ ಡಬ್ಬಿ ತುಂಬಿದ ಮೀನುಗಳ ಗಾಳಿಚೀಲಗಳೂ ಒತ್ತಡ ಇಳಿದಂತೆ ಉಬ್ಬಿ, ಡಬ್ಬಿ ಬೆಲೂನಿನಂತೆ ಮೇಲಕ್ಕೆ ಜಗ್ಗುತ್ತಿರುತ್ತದೆ.

ದಡದಲ್ಲಿ ಕತ್ತರಿಯಿಂದ ಮುಳ್ಳು ಕತ್ತರಿಸಿ, ಅಳೆದು, ಎಣಿಸುತ್ತಾರೆ. ಹೆಚ್ಚು ಮೀನು ತಂದವರಿಗೆ, ಅತಿ ದೊಡ್ಡದನ್ನು ತಂದವರಿಗೆ ಬಹುಮಾನವಿರುತ್ತದೆ. ಅತಿ ಚಿಕ್ಕದಕ್ಕೂ ಇರುತ್ತದೆ, ಮರಿಗಳನ್ನು ಕಡೆಗಣಿಸಬಾರದೆಂದು. ಮಾಂಸದಲ್ಲಿ ವಿಷವಿಲ್ಲ, ಬಿಳಿ, ಮೃದು. ನೇರ ಹೋಟೆಲ್ ಅಡುಗೆಮನೆಗೆ ಹೋಗುತ್ತದೆ. ತವರಿನಲ್ಲಿ 38 ಸೆಂಟಿಮೀಟರ್ ದೊಡ್ಡದೆನಿಸಿಕೊಳ್ಳುವ ಈ ಮೀನು ಅಟ್ಲಾಂಟಿಕ್‌ನಲ್ಲಿ 47 ಸೆಂಟಿಮೀಟರನ್ನೂ ಮೀರಿ ಬೆಳೆದದ್ದಿದೆ.

ಇಷ್ಟೆಲ್ಲ ಮಾಡಿ ಪ್ರಯೋಜನವುಂಟೆ? ಉಂಟು, ತಲುಪಿದಷ್ಟು ಜಾಗದಲ್ಲಿ. ಬಹಾಮಾಸ್‌ನಲ್ಲಿ ಸ್ಟೆಫನಿ ಗ್ರೀನ್ ಮತ್ತು ಸಂಗಡಿಗರು ತೋರಿಸಿದಂತೆ, ಲಯನ್‌ಫಿಶ್ ಸಂಖ್ಯೆಯನ್ನು 75ರಿಂದ 95 ಶೇಕಡಾ ತಗ್ಗಿಸಿದ ದಿಬ್ಬಗಳಲ್ಲಿ ಸ್ಥಳೀಯ ಮೀನುಗಳ ಒಟ್ಟು ತೂಕ 50ರಿಂದ 70 ಶೇಕಡಾ ಏರಿತು. ಎಲ್ಲವನ್ನೂ ಕೊಲ್ಲಬೇಕಿಲ್ಲ, ಸಾಕಷ್ಟು ತಗ್ಗಿಸಿದರೆ ಕಡಲು ಉಳಿದದ್ದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕೊಲ್ಲಿಯ ಉತ್ತರ ಭಾಗದಲ್ಲಿ 2017ರಿಂದ ಚರ್ಮದ ಹುಣ್ಣಿನ ರೋಗವೊಂದು ಕಾಣಿಸಿಕೊಂಡು ಈ ಮೀನಿನ ಸಂಖ್ಯೆ ತಾನಾಗಿಯೇ ಗಣನೀಯವಾಗಿ ಇಳಿದದ್ದೂ ಇದೆ. ಆದರೆ ಸಬ್‌ಮರ್ಸಿಬಲ್‌ಗಳಲ್ಲಿ ಕೂತು ಇಳಿದವರು 300 ಮೀಟರ್ ಆಳದಲ್ಲೂ ಲಯನ್‌ಫಿಶ್ ಕಂಡಿದ್ದಾರೆ. ಈಟಿ ಹಿಡಿದವನ ಲೋಕ 40 ಮೀಟರಿಗೆ, ಪಳಗಿದವನದು ಅರುವತ್ತಕ್ಕೋ ಎಪ್ಪತ್ತಕ್ಕೋ ಮುಗಿಯುತ್ತದೆ. ರಸ್ತೆಬದಿಯ ಲಂಟಾನಾ ಕಿತ್ತು ಕಾಡಿನೊಳಗಿನದನ್ನು ಬಿಟ್ಟಂತೆ, ಬೀಜದ ಕಣಜ ಕೆಳಗೆ ಹಾಗೇ ಉಳಿದಿದೆ. ಅದಕ್ಕಾಗಿಯೇ ಅಮೆರಿಕದ ನೋವಾ ಸಂಸ್ಥೆಯ ಸ್ಟೀವ್ ಗಿಟಿಂಗ್ಸ್ ಮನುಷ್ಯ ಇಳಿಯಬೇಕಿಲ್ಲದ ಒಂದು ಬೋನನ್ನು ರೂಪಿಸಿದರು. ತಳದಲ್ಲಿ ಬಿಚ್ಚಿಕೊಂಡು ಮಲಗಿರುತ್ತದೆ, ನಡುವೆ ನಿಲ್ಲಿಸಿದ ಜಾಲರಿಯ ಸುತ್ತ ಲಯನ್‌ಫಿಶ್ ತಾನಾಗಿ ಬಂದು ಸೇರುತ್ತದೆ, ಹಗ್ಗ ಎಳೆದಾಗ ಮಾತ್ರ ಬಲೆ ಮುಚ್ಚಿಕೊಳ್ಳುತ್ತದೆ.

ಐದು ಮೀಟರಿನ ನಿಲುಗಡೆಯಲ್ಲಿ ಲಂಗರಿನ ಹಗ್ಗ ಹಿಡಿದು ತೂಗಾಡುವ ಬೇಟೆಗಾರ ಮೂರು ನಿಮಿಷ ಎಣಿಸುತ್ತಾನೆ, ಮೈಯೊಳಗಿನ ಸಾರಜನಕ ಉಸಿರಿನೊಂದಿಗೆ ಮೆಲ್ಲಗೆ ಹೊರಹೋಗಲೆಂದು. ಅವನ ಕಾಲಡಿಯ ಕತ್ತಲಲ್ಲಿ ಹೆಣ್ಣು ಲಯನ್‌ಫಿಶ್ ಬಿಟ್ಟ ಮೊಟ್ಟೆಗಳು ಲೋಳೆಯ ಎರಡು ಉಂಡೆಗಳಾಗಿ ಮೇಲೇಳುತ್ತವೆ, ಎಲ್ಲಿಯೂ ನಿಲ್ಲಬೇಕಿಲ್ಲದೆ, ನೇರ ಮೇಲ್ಮೈಗೆ. ಅಲ್ಲಿಂದ ಸುಮಾರು ನಾಲ್ಕು ವಾರ, ಮೊಟ್ಟೆಯಾಗಿ, ಮರಿಯಾಗಿ, ಕಡಲ ಹರಿವು ಒಯ್ದಲ್ಲಿಗೆ.